ನೀ ಕಣ್ಣಾರೆ ನೋಡೀಯೇನ?

2018ರ ಮೇ ತಿಂಗಳಲ್ಲಿ ನಾನು ಒಂದು ಸುಳ್ಳು ಹೇಳಿದೆ. ಬಾಯಿಂದ ಅಲ್ಲ, ಹೆಬ್ಬೆರಳಿಂದ.

ಆಗ ವಿಜಯಪುರದಲ್ಲಿ ಯಾರ ಫೋನ್ ನೋಡಿದರೂ ಅದೇ ಮಾತು. ಮಕ್ಕಳ ಕಳ್ಳರು ಬಂದಿದ್ದಾರಂತೆ. ಹೊರಗಿನವರಂತೆ. ಚಾದರ ಮಾರುವ ನೆಪದಲ್ಲಿ ಓಣಿ ಓಣಿ ಸುತ್ತುತ್ತಾರಂತೆ. ಜೊತೆಗೆ ಒಂದು ವಾಯ್ಸ್ ಮೆಸೇಜ್. ಅದರಲ್ಲಿ ಯಾರೋ ಹೆಂಗಸು ಅಳುತ್ತಿದ್ದಳು. ಎಲ್ಲಿಯವಳು, ಯಾವಾಗ ಅತ್ತಳು, ಯಾಕೆ ಅತ್ತಳು, ಒಂದೂ ನನಗೆ ಗೊತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅದನ್ನು ಎಂಟನೇ ತರಗತಿಯ ಪಾಲಕರ ಗ್ರೂಪಿಗೆ ಕಳಿಸಿದೆ. ಕೆಳಗೆ ನನ್ನದೂ ಒಂದು ಸಾಲು ಸೇರಿಸಿದೆ: ಮಕ್ಕಳ ಬಗ್ಗೆ ಎಚ್ಚರ ಇರಲಿ.

ಎರಡು ದಿನ ಬಿಟ್ಟು ಸಂಜೆ ಕಾಯಿಪಲ್ಲೆ ತಗೊಂಡು ಬರುತ್ತಿದ್ದೆ. ಓಣಿ ತಿರುವಿನಲ್ಲಿ ಹದಿನೈದಿಪ್ಪತ್ತು ಮಂದಿ ಗುಂಪು. ನಡುವೆ ಒಬ್ಬ ಮನುಷ್ಯ, ಪಕ್ಕದಲ್ಲಿ ಬಿದ್ದ ಸೈಕಲ್, ಮಣ್ಣಲ್ಲಿ ಹರಡಿದ ಚಾದರ. ಯಾರೋ ಅವನ ಅಂಗಿ ಕೊರಳಪಟ್ಟಿ ಹಿಡಿದಿದ್ದರು. ನನ್ನನ್ನು ಕಂಡ ಕೂಡಲೇ ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ ಮುಂದೆ ಬಂದ. ಮುಖದ ಮೇಲೆ ಗೆದ್ದ ಕಳೆ.

"ಟೀಚರ್, ನೀವ ಕಳಿಸಿದ್ರಲ್ಲ. ನೋಡ್ರಿ, ಸಿಕ್ಕಾನ!"

ಫೋನ್ ಎತ್ತಿ ತೋರಿಸಿದ. ನನ್ನದೇ ಸಾಲು. ನನ್ನದೇ ಹೆಸರು. ಆ ಗುಂಪಿನ ಕೈಯಲ್ಲಿದ್ದ ಸಾಕ್ಷಿ ನಾನೇ ಆಗಿದ್ದೆ.

"ಅದು ನನಗೂ ಯಾರೋ ಕಳಿಸಿದ್ದರ್ರಿ, ಖರೇ ಖೊಟ್ಟಿ ನನಗ ಗೊತ್ತಿಲ್ಲ" ಅಂದೆ. ಯಾರಿಗೆ ಕೇಳಿಸಬೇಕು? ಕೂಗುವವರ ನಡುವೆ "ಗೊತ್ತಿಲ್ಲ" ಅನ್ನುವ ಮಾತಿಗೆ ದನಿಯೇ ಇರುವುದಿಲ್ಲ. ಕಡೆಗೆ ಆ ಮನುಷ್ಯನನ್ನು ಬಿಡಿಸಿದ್ದು ಪಂಚರ್ ಅಂಗಡಿಯ ಮುದುಕ. ಅವನು ಭಾಷಣ ಮಾಡಲಿಲ್ಲ. ಹತ್ತಿರ ಹೋಗಿ ಮುಖ ನೋಡಿದ. "ಏ, ಬಿಡ್ರೋ. ಇಂವಾ ಸೊಲ್ಲಾಪುರದಾಂವ. ವರ್ಷಾ ಬರ್ತಾನ. ಹೋದ ವರ್ಷ ನಮ್ಮನಿಗೇ ಎರಡು ಕೊಟ್ಟು ಹೋಗ್ಯಾನ" ಅಂದ. ಅಷ್ಟೇ. ಇಡೀ ಗುಂಪಿನಲ್ಲಿ ಆ ಮನುಷ್ಯನನ್ನು ಮೊದಲು ಕಂಡವನು ಅವನೊಬ್ಬನೇ ಇದ್ದ. ಗುಂಪು ಕರಗಿತು. ಕ್ಷಮೆ ಕೇಳಿದವರನ್ನು ನಾನು ನೋಡಲಿಲ್ಲ.

ನಾನೂ ಕೇಳಲಿಲ್ಲ. ಅದರ ಬದಲು ಒಂದು ಚಾದರ ಕೊಂಡೆ. ಮೇ ತಿಂಗಳ ವಿಜಯಪುರ, ನಲವತ್ತು ಡಿಗ್ರಿ ಬಿಸಿಲು, ಚಾದರ ಯಾರಿಗೆ ಬೇಕು ಹೇಳಿ! 350 ರೂಪಾಯಿ ಅಂದ. 500ರ ನೋಟು ಕೊಟ್ಟು ಇರಲಿ ಬಿಡು ಅಂದೆ. ಅವನು ಏನೂ ಮಾತಾಡದೆ 150 ರೂಪಾಯಿ ಎಣಿಸಿ ನನ್ನ ಕೈಗಿಟ್ಟ. ಸೈಕಲ್ ಎತ್ತಿಕೊಂಡು ಹೋದ.

ಅದೇ ವರ್ಷ ಜುಲೈ 13ಕ್ಕೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅವನು ಮತ್ತು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಎಂಬ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿ ಮುಂದಿನ ಊರು ಮುಟ್ಟಿತ್ತು. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ನನಗೆ ರೊಟ್ಟಿ ಇಳಿಯಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಪಂಚರ್ ಅಂಗಡಿಯ ಮುದುಕ ಇದ್ದ. ಅಲ್ಲಿ ಇರಲಿಲ್ಲ, ಅಥವಾ ಇದ್ದವರ ದನಿ ಸಾಲಲಿಲ್ಲ.

ನಾನು ಯಾಕೆ ನಂಬಿದೆ? ಇದನ್ನು ತುಂಬಾ ದಿನ ಯೋಚಿಸಿದ್ದೇನೆ. ನಾನು ದಡ್ಡಿಯೇನಲ್ಲ. ಮಕ್ಕಳಿಗೆ ದಿನಾ "ಪ್ರಯೋಗ ಮಾಡಿ ನೋಡಿ, ಆಮೇಲೆ ನಂಬಿ" ಎಂದು ಹೇಳುವವಳು. ಆದರೆ ಆ ಮೆಸೇಜು ನನಗೆ ಒಂದೇ ಕಡೆಯಿಂದ ಬಂದಿರಲಿಲ್ಲ. ಸಂಬಂಧಿಕರ ಗ್ರೂಪಿನಿಂದ ಬಂತು. ಡಿಗ್ರಿ ಗೆಳತಿಯರಿಂದ ಬಂತು. ಶಾಲೆಯ ಸಿಬ್ಬಂದಿ ಗ್ರೂಪಿನಿಂದ ಬಂತು. ಹಾಲಿನವನೂ ಹೇಳಿದ. ಇಷ್ಟು ಜನ ಹೇಳುತ್ತಿದ್ದಾರೆ ಅಂದ ಮೇಲೆ ಏನೋ ಇರಬೇಕು ಅಂದುಕೊಂಡೆ.

ಇದಕ್ಕೆ ಉತ್ತರ ನಮ್ಮೂರಿನ ನಡುವೆಯೇ 1656ರಿಂದ ನಿಂತಿದೆ. ನೋಡುತ್ತಲೇ ಬೆಳೆದವಳಿಗೆ ಅದು ಹೊಳೆಯಲು ನಲವತ್ತು ವರ್ಷ ಬೇಕಾಯಿತು.

ಗೋಳಗುಮ್ಮಟಕ್ಕೆ ಹೋದವರೆಲ್ಲ ಮಾಡುವ ಕೆಲಸ ಒಂದೇ. ಮೂಲೆಯ ಗೋಪುರದ ಇಕ್ಕಟ್ಟು ಮೆಟ್ಟಿಲು ಏಳು ಅಂತಸ್ತು ಹತ್ತುವುದು, ಏದುಸಿರು ಬಿಡುತ್ತ ಒಳಗಿನ ಗ್ಯಾಲರಿಗೆ ಕಾಲಿಡುವುದು, ಕೂಗುವುದು. ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ ಅನ್ನುವುದು ನಮ್ಮ ಕಡೆಯ ಮಾತು. ನಾನು ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಲೆಕ್ಕ ಮಾಡಿಸುತ್ತೇನೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕು. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಅಂದರೆ ಎದುರು ಗೋಡೆ ಮುಟ್ಟಿ ವಾಪಸ್ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ ಹೊತ್ತು. ಪಿಸುಮಾತಿನದು ಬೇರೆ ದಾರಿ. ಅದು ದುಂಡು ಗೋಡೆಗೆ ಅಂಟಿಕೊಂಡೇ ಹರಿದು ಎದುರಿನವರ ಕಿವಿ ಮುಟ್ಟುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಇದನ್ನು ಮೊದಲು ಲಾರ್ಡ್ ರ‍್ಯಾಲೆ ಬಿಡಿಸಿ ಹೇಳಿದ್ದರು. 1921ರಲ್ಲಿ ನಮ್ಮ ಸಿ.ವಿ. ರಾಮನ್ ಅವರೂ ಅಲ್ಲಿಗೆ ಹೋಗಿ ಪರೀಕ್ಷೆ ಮಾಡಿ ಬರೆದರು. (ಕೆಳಗೆ ಮಲಗಿರುವ ಮೊಹಮ್ಮದ್ ಆದಿಲ್‌ಶಾಹನಿಗೆ ಮಾತ್ರ ಈ ಯಾವ ಭೌತಶಾಸ್ತ್ರವೂ ಬೇಕಿರಲಿಕ್ಕಿಲ್ಲ. ನಮ್ಮ ಕೂಗಾಟದಲ್ಲಿ ಪಾಪ ಎಂಥ ನಿದ್ದೆ ಮಾಡುತ್ತಾನೋ.)

ಏಳು ಸಲ ಕೇಳಿಸಿತು. ಕೂಗಿದವನು ಒಬ್ಬನೇ. ಗುಮ್ಮಟದಲ್ಲಿ ನಿಂತಾಗ ಇದು ಎಂಟನೇ ತರಗತಿ ಮಗುವಿಗೂ ಗೊತ್ತು. ಫೋನ್ ಕೈಯಲ್ಲಿದ್ದಾಗ ಟೀಚರಿಗೂ ಗೊತ್ತಾಗಲಿಲ್ಲ. ನಾನು ಏಳು ಪ್ರತಿಧ್ವನಿಗಳನ್ನು ಏಳು ಸಾಕ್ಷಿಗಳು ಎಂದು ಎಣಿಸಿಕೊಂಡಿದ್ದೆ.

ಇನ್ನೊಂದು ವ್ಯತ್ಯಾಸವೂ ಇದೆ. ಗುಮ್ಮಟ ಕೂಗನ್ನು ಸವೆಸುತ್ತದೆ. ಏಳನೇ ಸಲ ಬರುವಾಗ ಅದು ನೂಲಿನಷ್ಟು ಸಣ್ಣಗಾಗಿರುತ್ತದೆ. ಫೋನಿನಲ್ಲಿ ಹಾಗಿಲ್ಲ. ಏಳನೇ ಸಲ ಬಂದದ್ದು ಮೊದಲಿಗಿಂತ ಜೋರಾಗಿರುತ್ತದೆ. ಯಾಕೆಂದರೆ ನಡುವೆ ಒಬ್ಬ ಟೀಚರ್ ತನ್ನದೊಂದು ಸಾಲು ಸೇರಿಸಿರುತ್ತಾಳೆ. ಆ ಜುಲೈನಲ್ಲೇ ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದ ಹಾಗೆ ಮಾಡಿದರು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದ ಎರಡು ಬಾಣದ ಗುರುತಿನ ಮೆಸೇಜನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು ಎಂದು ಕಟ್ಟು ಹಾಕಿದರು. ಒಳ್ಳೆಯದೇ. ಆದರೆ ಆ ಒಂದು ಕಡೆ ಪಾಲಕರ ಗ್ರೂಪೇ ಆದರೆ?

ನಮ್ಮ ಆಯಿಗೆ ಓದು ಬರುತ್ತಿರಲಿಲ್ಲ. ತಾಳಿಕೋಟಿ ಕಡೆ, ಡೋಣಿ ದಂಡೆಯ ಊರು. ಯಾರಾದರೂ ಬಂದು "ಆಕಿ ಹಿಂಗ ಮಾಡಿದ್ಳಂತ, ಇಂವಾ ಹಂಗ ಅಂದನಂತ" ಎಂದು ಶುರು ಮಾಡಿದರೆ ಆಯಿ ಸೇಂಗಾ ಒಡೆಯುತ್ತ ತಲೆ ಎತ್ತದೆ ಕೇಳುತ್ತಿದ್ದಳು. "ನೀ ಕಣ್ಣಾರೆ ನೋಡೀಯೇನ?" ಇಲ್ಲ ಅಂದರೆ, "ಯಾರ ಹೇಳಿದ್ರು? ಅವರಿಗೆ ಯಾರ ಹೇಳಿದ್ರು?" ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಹೇಳುವವರಿಗೆ ಬೇಜಾರಾಗಿ ಎದ್ದು ಹೋಗುತ್ತಿದ್ದರು. ಹೀಗಾಗಿ ಆಯಿಯ ಹತ್ತಿರ ಹರಟೆಗೆ ಬರುವವರು ಕಡಿಮೆ. ಕಟ್ಟೆಯ ಮೇಲೆ ಬಹಳ ಸಲ ಒಬ್ಬಳೇ ಕೂತಿರುತ್ತಿದ್ದಳು. ನನಗೆ ಚಿಕ್ಕಂದಿನಲ್ಲಿ ಪಾಪ ಅನ್ನಿಸುತ್ತಿತ್ತು. ಆ ಪ್ರಶ್ನೆಗೂ ಆ ಒಂಟಿ ಕಟ್ಟೆಗೂ ಸಂಬಂಧ ಇದೆ ಎಂದು ಈಗ ಗೊತ್ತಾಗುತ್ತದೆ. ಜೊತೆ ಕಳೆದುಕೊಳ್ಳಲು ಹೆದರುವವರು ಆ ಪ್ರಶ್ನೆ ಕೇಳಲಾರರು. ನಾನು ಆ ಮೆಸೇಜ್ ಕಳಿಸಿದ್ದೂ ಅರ್ಧ ಅದಕ್ಕೇ. ಎಲ್ಲರೂ ಕಳಿಸುತ್ತಿದ್ದಾರೆ, ನಾನೊಬ್ಬಳೇ ಸುಮ್ನೆ ಕೂತರೆ ಮಕ್ಕಳ ಬಗ್ಗೆ ಕಾಳಜಿ ಇಲ್ಲದ ಟೀಚರ್ ಅಂದುಕೊಂಡಾರು ಎಂಬ ಅಳುಕು.

ಆಯಿಯ ಮಗ, ಅಂದರೆ ನಮ್ಮಪ್ಪ, ಇದನ್ನು ಇನ್ನೊಂದು ತುದಿಗೆ ಒಯ್ದ.

ನಮ್ಮ ದೊಡ್ಡಪ್ಪನ ಪಾಲಿಗೆ ಮಡ್ಡಿ ಹೊಲ ಬಂದಿತ್ತು. ಸುತ್ತಲಿನವರು ದಾಳಿಂಬೆ ಹಾಕಿದರು, ಅವನೂ ಹಾಕಿದ. ಮೊದಲ ಎರಡು ಬೆಳೆ ಬಂಗಾರ. ಮನೆ ಮುಂದೆ ಟ್ರ್ಯಾಕ್ಟರ್ ನಿಂತಿತು. ಆಮೇಲೆ ದುಂಡಾಣು ಅಂಗಮಾರಿ ಬಂತು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಚುಕ್ಕೆ, ಹಣ್ಣಿನ ಮೇಲೆ ಕಪ್ಪು ಕಲೆ, ಕಡೆಗೆ ಹಣ್ಣೇ ಬಿರಿದು ಹೋಳು. 2000ದ ನಂತರದ ವರ್ಷಗಳಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆ ಎಷ್ಟೋ ತೋಟ ಈ ರೋಗಕ್ಕೆ ಹೋದವು. ಮಳೆ ಹನಿ ಸಿಡಿದರೂ ಹರಡುತ್ತದೆ. ಅದಕ್ಕಿಂತ ದೊಡ್ಡ ದಾರಿ ಸಸಿ. ರೋಗ ಇದ್ದ ತೋಟದಲ್ಲಿ ಗೂಟಿ ಕಟ್ಟಿ, ಅಂದರೆ ಗಿಡದ ಟೊಂಗೆಗೇ ಬೇರು ಬರಿಸಿ, ಮಾಡಿದ ಸಸಿ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ರೋಗ ಇರುತ್ತದೆ. ನೆಂಟರು ನೆಂಟರಿಗೆ ಪ್ರೀತಿಯಿಂದ ಕೊಟ್ಟರು. ರೋಗವೂ ಪ್ರೀತಿಯಿಂದಲೇ ಹೋಯಿತು. ದೊಡ್ಡಪ್ಪ ಗಿಡ ಕಿತ್ತು ಸುಟ್ಟ ದಿನ ನಾನು ಊರಲ್ಲಿದ್ದೆ. ಅವನು ಹೊಲದ ಬದುವಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

ಅಪ್ಪ ಮಾತ್ರ ಎರಿ ಹೊಲದಲ್ಲಿ ಹಿಂಗಾರಿ ಬಿಳಿ ಜೋಳ ಬಿಟ್ಟು ಬೇರೆ ಏನೂ ಹಾಕಲಿಲ್ಲ. ಊರಲ್ಲಿ ಎಲ್ಲರೂ ಹೊಗಳಿದರು. ಅಣ್ಣಪ್ಪ ವಿಚಾರ ಮಾಡೋ ಮನುಷ್ಯ ನೋಡು, ಮಂದಿ ಹಿಂದ ಹೋಗ್ಲಿಲ್ಲ ಅಂದರು. ಈ ಕತೆ ಇಲ್ಲಿಗೇ ನಿಲ್ಲಿಸಿದ್ದರೆ ಚೆಂದ ಇರುತ್ತಿತ್ತು. ಆದರೆ ಅಪ್ಪ ಆಮೇಲೂ ಯಾವುದಕ್ಕೂ ಒಪ್ಪಲಿಲ್ಲ. ಬೋರ್ ಬೇಡ. ಬೆಳೆ ವಿಮೆ ಬೇಡ. ಕಣ್ಣಿನ ಪೊರೆ ತೆಗೆಸುವುದೂ ಬೇಡ. ಯಾಕೆ ಅಂದರೆ "ಎಲ್ಲಾರೂ ಮಾಡ್ಸಾಕತ್ತಾರಲ್ಲ, ಅದಕ್ಕ" ಅನ್ನುತ್ತಿದ್ದ. ಮಳೆ ಕೈಕೊಟ್ಟ ವರ್ಷ ವಿಮೆ ಮಾಡಿಸಿದವರಿಗೆ ಅಷ್ಟೋ ಇಷ್ಟೋ ಬಂತು, ನಮಗೆ ಏನೂ ಬರಲಿಲ್ಲ. ಅಪ್ಪ ಜೋಳವನ್ನೇ ನಂಬಿದ್ದು ಮಣ್ಣು ನೋಡಿ ಅಲ್ಲ, ಮಂದಿಯನ್ನು ನೋಡಿ. ಅವರು ಬಲಕ್ಕೆ ಹೋದರೆ ಇವನು ಎಡಕ್ಕೆ. ಹಗ್ಗದ ಇನ್ನೊಂದು ತುದಿ ಮಂದಿಯ ಕೈಯಲ್ಲೇ ಇತ್ತು. ಸ್ವಂತ ವಿಚಾರ ಎಂದು ಎಲ್ಲದಕ್ಕೂ ಇಲ್ಲ ಅನ್ನುವವರನ್ನು ಕಂಡಾಗ ನನಗೆ ಅಪ್ಪ ನೆನಪಾಗುತ್ತಾನೆ. ಅಪ್ಪನ ಮೇಲೆ ಪ್ರೀತಿ ಇದೆ, ಆದರೆ ಈ ವಿಷಯದಲ್ಲಿ ಆಯಿಯೇ ಮೇಲು. ಅವಳು ಇಲ್ಲ ಅನ್ನುತ್ತಿರಲಿಲ್ಲ, ಕೇಳುತ್ತಿದ್ದಳು.

ನನಗೀಗ ನಲವತ್ತೇಳು. ಒಬ್ಬಳೇ ಇದ್ದೇನೆ. ಮದುವೆ ಯಾಕೆ ಆಗಲಿಲ್ಲ ಎಂಬುದು ಬೇರೆ ಕತೆ, ಅಷ್ಟು ರುಚಿಯದೂ ಅಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಮಾಳಿಗೆ ಹತ್ತಿದರೆ ಗುಮ್ಮಟದ ತಲೆ ಕಾಣುತ್ತದೆ. ಓಣಿಯ ಹೆಂಗಸರು ಹೊಸದರಲ್ಲಿ ದಿನಾ ಕೇಳುತ್ತಿದ್ದರು. "ಒಬ್ಬರ ಹೆಂಗ ಇರ್ತೀರಿ ಟೀಚರ್? ಸಂಜೀಕ ಬ್ಯಾಸರ ಆಗಂಗಿಲ್ಲೇನ್ರಿ?"

ಆಗುತ್ತದೆ. ಆಗುವುದಿಲ್ಲ ಎಂದು ಬರೆದರೆ ಅದೂ ಒಂದು ಸುಳ್ಳು. ಭಾನುವಾರ ಸಂಜೆ ಐದರಿಂದ ಏಳು ಗಂಟೆಯ ಹೊತ್ತು ಒಂದು ಥರ ಇರುತ್ತದೆ. ಮೊದಲು ಆ ಹೊತ್ತನ್ನು ಫೋನಿನಿಂದ ತುಂಬುತ್ತಿದ್ದೆ. ಹನ್ನೊಂದು ಗ್ರೂಪು ಇದ್ದವು. ಯಾರೋ ಯಾರನ್ನೋ ಬಯ್ಯುವುದು, ಯಾರೋ ಯಾವುದೋ ಗುಳಿಗೆ ಬಿಡಿ ಎನ್ನುವುದು, ಇನ್ನೊಬ್ಬರು ಅದೇ ಗುಳಿಗೆ ನುಂಗಿ ಎನ್ನುವುದು. ಎರಡು ತಾಸು ಓದಿ ಕೆಳಗಿಟ್ಟರೆ ತಲೆಯಲ್ಲಿ ಸಂತೆ ಮುಗಿದ ಮೇಲಿನ ಕಸ. ಚಾದರದ ಘಟನೆ ಆದ ಮೇಲೆ ಮೂರು ಬಿಟ್ಟು ಉಳಿದ ಗ್ರೂಪಿನಿಂದ ಹೊರಗೆ ಬಂದೆ. ಇದನ್ನು ದೊಡ್ಡ ತ್ಯಾಗ ಎಂದು ಹೇಳುತ್ತಿಲ್ಲ. ಮೊದಲ ತಿಂಗಳು ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತಿತ್ತು, ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ.

ಆ ಖಾಲಿ ಹೊತ್ತಿಗೆ ಬಂದದ್ದು ರೊಟ್ಟಿ. ಒಬ್ಬಳಿಗೆ ಎರಡು ರೊಟ್ಟಿ ಸಾಕು, ಎರಡಕ್ಕಾಗಿ ಎಸರಿಟ್ಟು ಹಿಟ್ಟು ನಾದುವುದು ಎಲ್ಲರಿಗೂ ಹುಚ್ಚಾಟ ಅನ್ನಿಸುತ್ತದೆ. ನಮ್ಮ ಸೀಮೆಯಲ್ಲಿ ಖಡಕ್ ರೊಟ್ಟಿ ಕಟ್ಟು ಕಟ್ಟಾಗಿ ಸಿಗುತ್ತದೆ, ತಿಂಗಳುಗಟ್ಟಲೆ ಇಡಬಹುದು. ನಾನೂ ವರ್ಷಾನುಗಟ್ಟಲೆ ಅದನ್ನೇ ಮುರಿದುಕೊಂಡು ತಿಂದವಳು. ಈಗ ಬಡಿಯುತ್ತೇನೆ. ರೊಟ್ಟಿ ಬಡಿಯುವಾಗ ಎರಡೂ ಕೈಗೆ ಹಿಟ್ಟು, ಫೋನ್ ಮುಟ್ಟಲು ಆಗುವುದಿಲ್ಲ. ಪರಪರ ಸದ್ದು ಬಿಟ್ಟರೆ ಬೇರೆ ಏನಿಲ್ಲ. ತರಗತಿಯಲ್ಲಿ ಯಾವ ಹುಡುಗಿ ಯಾಕೆ ಮಂಕಾಗಿದ್ದಳು, ನಾನು ಯಾರಿಗೆ ಸುಮ್ನೆ ಸಿಟ್ಟು ಮಾಡಿದೆ, ಇಂಥವು ಆ ಹೊತ್ತಿಗೆ ತಾವಾಗಿ ಮೇಲೆ ಬರುತ್ತವೆ. ಕರೆದರೆ ಬರುವುದಿಲ್ಲ. ಮೊದಲ ರೊಟ್ಟಿ ಉಬ್ಬಿದಾಗ ಆಗುವ ಖುಷಿಯನ್ನು ಯಾರಿಗೂ ತೋರಿಸಬೇಕು ಅನ್ನಿಸುವುದಿಲ್ಲ. ಪುಂಡಿ ಪಲ್ಯ, ಸೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ನೆಲದ ಮೇಲೆ ಕೂತು ಉಣ್ಣುತ್ತೇನೆ.

ಒಬ್ಬಳೇ ಇರುವುದು ಅಂದರೆ ಯಾರೂ ಬೇಡ ಎಂದಲ್ಲ. 2021ರ ಎರಡನೇ ಅಲೆಯಲ್ಲಿ ಒಂಬತ್ತು ದಿನ ಜ್ವರದಲ್ಲಿ ಮಲಗಿದ್ದೆ. ಎದುರು ಮನೆಯ ಆಪಾ ದಿನಾ ಬಾಗಿಲ ಹತ್ತಿರ ಗಂಜಿ ಇಟ್ಟು, ದೂರ ನಿಂತು "ಟೀಚರ್, ಅದಿರೇನ್ರಿ?" ಎಂದು ಕೂಗುತ್ತಿದ್ದಳು. ನಾನು ಒಳಗಿಂದ ತಾಟು ಬಡಿದು ಇದ್ದೇನೆ ಎಂದು ತಿಳಿಸುತ್ತಿದ್ದೆ. ಆ ಒಂಬತ್ತು ದಿನ ಏಕಾಂತದ ಸೊಗಸಿನ ಬಗ್ಗೆ ಯಾರಾದರೂ ಮಾತಾಡಿದ್ದರೆ ಅದೇ ತಾಟು ಎಸೆಯುತ್ತಿದ್ದೆ. ಹನ್ನೊಂದು ಗ್ರೂಪಿನ ಜನರಲ್ಲಿ ಒಬ್ಬರೂ ಗಂಜಿ ತರಲಿಲ್ಲ ಎಂದು ಹೇಳುವುದೂ ತಪ್ಪು, ಅವರಿಗೆ ನನ್ನ ಜ್ವರ ಗೊತ್ತೇ ಇರಲಿಲ್ಲ. ಗೊತ್ತಿದ್ದವಳು ಎದುರಿಗೆ ಇದ್ದವಳು.

ನಮ್ಮೂರಿನ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಅವ್ವನ ಜೊತೆ ಚಿಕ್ಕಂದಿನಿಂದ ಹೋಗುತ್ತಿದ್ದೆ. ನಸುಕಿನಲ್ಲಿ ಶುರುವಾಗುತ್ತಿತ್ತು. ಸಾವಿರಾರು ಜನ, ಸದ್ದಿಲ್ಲ. ಅವರೂ ದನಿ ಏರಿಸುತ್ತಿರಲಿಲ್ಲ. ಅವರು ಹೇಳಿದ್ದರಲ್ಲಿ ಎಷ್ಟೋ ಮರೆತಿದ್ದೇನೆ, ಆ ಅಂಗಿ ಮರೆತಿಲ್ಲ. ಬಿಳಿ ಅಂಗಿ, ಕಿಸೆ ಇಲ್ಲ. ದುಡ್ಡು ಇಟ್ಟುಕೊಳ್ಳುವುದು ಬೇಡ ಎಂದು ಕಿಸೆ ಇಲ್ಲ ಅಂತ ಅವ್ವ ಹೇಳಿದ್ದಳು. ನನಗೀಗ ಬೇರೆಯೇ ಹೊಳೆಯುತ್ತದೆ. ಕಿಸೆ ಇಲ್ಲದವರು ಫೋನ್ ಎಲ್ಲಿ ಇಟ್ಟುಕೊಳ್ಳುತ್ತಾರೆ? 2018ರಲ್ಲಿ ಪದ್ಮಶ್ರೀ ಬಂದಾಗ ಅವರು ವಿನಯದಿಂದ ಬೇಡ ಅಂದರು. 2023ರ ಜನವರಿ 2ರಂದು ತೀರಿಕೊಂಡರು. ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟಿದ್ದರು. ನೋಡಲು ಬಂದ ಜನದಲ್ಲಿ ನಾನೂ ಇದ್ದೆ. ತಾಸುಗಟ್ಟಲೆ ಸಾಲು. ಸಾಲಿನಲ್ಲಿ ಮುಂದಿದ್ದ ಹುಡುಗ ಫೋನ್ ಎತ್ತಿ ವಿಡಿಯೊ ಮಾಡುತ್ತಿದ್ದ. ನನಗೆ ಸಿಟ್ಟು ಬಂತು. ಆಮೇಲೆ, ಅವನ ಆಯಿ ಊರಲ್ಲಿ ಕಾಯುತ್ತ ಕೂತಿರಬಹುದು ಅನ್ನಿಸಿತು. ಗೊತ್ತಿಲ್ಲ, ಕೇಳಲಿಲ್ಲ.

ಒಂದೇ ಊರು ನೋಡಿ. ಒಬ್ಬ ಅರಸ ತನ್ನ ಗೋರಿಗೆ ಇಡೀ ಸೀಮೆಗೆ ಕಾಣುವ ಗುಮ್ಮಟ ಕಟ್ಟಿಸಿಕೊಂಡ. ಅವನ ಮಗ ಅದಕ್ಕಿಂತ ದೊಡ್ಡದು ಕಟ್ಟಲು ಹೋಗಿ ಬಾರಾ ಕಮಾನ್ ಅರ್ಧಕ್ಕೇ ನಿಂತಿತು, ಈಗ ಕಮಾನುಗಳ ನಡುವೆ ಗಿಳಿ ಹಾರುತ್ತವೆ. ಇನ್ನೊಬ್ಬರು ನನಗೆ ಏನೂ ಬೇಡ ಎಂದು ಬರೆದಿಟ್ಟು ಹೋದರು. ಅವರ ದಾರಿ ನಮ್ಮಂಥವರದಲ್ಲ. ನನಗೆ ಕಿಸೆ ಬೇಕು, ಸಂಬಳ ಬೇಕು, ನಾಲ್ಕು ಜನ ಟೀಚರ್ ಚೆನ್ನಾಗಿ ಕಲಿಸುತ್ತಾರೆ ಅನ್ನಬೇಕು. ಈ ಬರಹ ಎಷ್ಟು ಜನ ಓದಿದರು ಎಂದು ನಾಳೆ ನೋಡುತ್ತೇನೆ, ಖಂಡಿತ.

ಕಳೆದ ವಾರ ಬೆಂಗಳೂರಿನಲ್ಲಿರುವ ಅಣ್ಣನ ಮಗ ಒಂದು ವಿಡಿಯೊ ಕಳಿಸಿದ. ಎರಡು ಬಾಣದ ಗುರುತು. ಯಾವುದರ ಬಗ್ಗೆ ಎಂದು ಇಲ್ಲಿ ಬರೆದರೆ ನಾನೂ ಅದನ್ನು ಹರಡಿದ ಹಾಗೆ. ಕೆಳಗೆ ಕೇಳಿದ್ದ: "ಅತ್ತಿ, ಇದು ಖರೇ ಏನು? ನೀವು ಸೈನ್ಸ್ ಟೀಚರ್ ಅಲ್ವಾ?"

"ಗೊತ್ತಿಲ್ಲಪ್ಪ. ನೋಡಿ ಹೇಳ್ತೀನಿ" ಎಂದು ಬರೆದೆ.

ಮೂರು ದಿನ ಬಿಟ್ಟು ಮತ್ತೆ ಕೇಳಿದ. "ಇನ್ನೂ ನೋಡ್ಲಿಲ್ಲೇನು? ಎಲ್ಲಾರೂ ಆಗಲೇ ಹೇಳ್ಬಿಟ್ಟಾರ."

ಇನ್ನೂ ನೋಡಿಲ್ಲ. ಅದರಲ್ಲಿ ಹೇಳಿದ ಒಂದು ಲೆಕ್ಕ ಸರಿ ಇದೆಯೋ ಇಲ್ಲವೋ ಎಂದು ಶಾಲೆಯ ಲೈಬ್ರರಿಯಲ್ಲಿ ಒಂದು ಪುಸ್ತಕ ನೋಡಬೇಕು, ಲೈಬ್ರರಿ ಬೀಗದ ಕೈ ಇರುವ ಸರ್ ಸೋಮವಾರ ಬರುತ್ತಾರೆ. ಅಲ್ಲಿಯವರೆಗೆ ಅವನು ಕಾಯಲಿ. ಎಸರು ಕುದಿಯುತ್ತಿದೆ.